ಡಿಟೂರ್ (1945): ಅಮೆರಿಕದ ಕಾರಿಗೆ ಬಲಗಡೆ ಸ್ಟೀರಿಂಗ್ ಹೇಗೆ ಬಂತು? ಹಾಲಿವುಡ್‌ನ ಬಡ ಸ್ಟುಡಿಯೋಗಳ ತಪ್ಪುಗಳು

ಸೊಗಡು ರೀಲು
ಎಡ್ಗರ್ ಜಿ. ಉಲ್ಮರ್ ಅವರ ‘ಡಿಟೂರ್’ ನೋಡಿದವರಿಗೆ ಒಂದು ಪ್ರಶ್ನೆ. ಪಿಆರ್‌ಸಿ ಅನ್ನೋ ಬಡ ಹಾಲಿವುಡ್ ಕಂಪನಿಯ ಸಿನಿಮಾ, 1 ಗಂಟೆ 8 ನಿಮಿಷ. ನಾಯಕ ಟಾಮ್ ನೀಲ್ ಸಿಕ್ಕಸಿಕ್ಕ ಕಾರು ಹತ್ತಿಕೊಂಡು ನ್ಯೂಯಾರ್ಕ್‌ನಿಂದ ಲಾಸ್ ಏಂಜಲೀಸ್‌ಗೆ ಹೊರಡ್ತಾನೆ. ಅವನು ರಸ್ತೆ ಬದಿ ಹೆಬ್ಬೆರಳು ತೋರಿಸ್ತಾ ನಿಂತಿರೋ ಕೆಲವು ಶಾಟ್‌ಗಳಲ್ಲಿ ಕಾರುಗಳು ರಸ್ತೆಯ ಎಡಗಡೆ ಬರ್ತವೆ, ಡ್ರೈವರ್ ಬಲಗಡೆ ಕೂತಿರ್ತಾನೆ. ನಮ್ಮ ಕಣ್ಣಿಗೆ ಇದು ತಟ್ಟೋದೇ ಇಲ್ಲ, ನಮ್ಮ ರಸ್ತೆಗಳಲ್ಲೂ ಹಾಗೇ ತಾನೆ. ಆದರೆ ಅದು ಅಮೆರಿಕ! ಮುಂದಿನ ದೃಶ್ಯಗಳಲ್ಲಿ ಸ್ಟೀರಿಂಗ್ ಮತ್ತೆ ಎಡಕ್ಕೆ ಬರುತ್ತೆ.

ಇದು ಕಣ್ತಪ್ಪಾ, ಬೇಕಂತ ಮಾಡಿದ್ದಾ? ಆ ಕಾಲದ ಕಡಿಮೆ ಬಜೆಟ್ ಸಿನಿಮಾಗಳ ಇಂಥ ಬೇರೆ ತಪ್ಪುಗಳು ಗೊತ್ತಿದ್ದರೂ ಬರೀರಿ. ಬರೀ ಪಟ್ಟಿ ಬೇಡ, ಹೇಗಾಯ್ತು ಅನ್ನೋದು ಬೇಕು.

ಕತ್ತರಿ ಗೋಂದು
ಬೇಕಂತಲೇ ಮಾಡಿದ್ದು. ಆ ಶಾಟ್‌ಗಳನ್ನ ಎಡ ಬಲ ಅದಲುಬದಲಾಗೋ ಹಾಗೆ ಮಗುಚಿ ಪ್ರಿಂಟ್ ಹಾಕಿದ್ದಾರೆ. ಭೂಪಟ ಕಣ್ಮುಂದೆ ತಂದುಕೊಳ್ಳಿ: ನ್ಯೂಯಾರ್ಕ್ ಬಲಕ್ಕೆ, ಲಾಸ್ ಏಂಜಲೀಸ್ ಎಡಕ್ಕೆ. ಪಶ್ಚಿಮಕ್ಕೆ ಹೋಗೋನು ತೆರೆ ಮೇಲೂ ಬಲದಿಂದ ಎಡಕ್ಕೇ ಹೋಗಬೇಕು, ಇಲ್ಲದಿದ್ರೆ ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸ್ ಹೊರಟ ಹಾಗೆ ಕಾಣುತ್ತೆ. ಆ ಶಾಟ್‌ಗಳು ಎಡದಿಂದ ಬಲಕ್ಕೆ ತೆಗೆದಂಥವು. ಯೂನಿಟ್ ಕಟ್ಟಿಕೊಂಡು ಮತ್ತೆ ರಸ್ತೆಗೆ ಹೋಗೋದಕ್ಕಿಂತ ಲ್ಯಾಬ್‌ನಲ್ಲಿ ಮಗುಚೋದು ಅಗ್ಗ. ದಿಕ್ಕು ಉಳೀತು, ಸ್ಟೀರಿಂಗ್ ಬಲಕ್ಕೆ ಬಂತು.

ಮಾಗಡಿ ಮ್ಯಾಟಿನಿ
ಹಾಗಾದ್ರೆ ಯಾವ ಶಾಟ್ ಬೇಕಾದ್ರೂ ಮಗುಚಬಹುದಾ?

ಆಪ್ಟಿಕಲ್ ಅಜ್ಜ
ಇಲ್ಲ. ಮೊದಲನೇದಾಗಿ ಫ್ರೇಮಿನಲ್ಲಿ ಓದೋ ಅಕ್ಷರ ಇರಬಾರದು: ಅಂಗಡಿ ಬೋರ್ಡು, ನಂಬರ್ ಪ್ಲೇಟು, ಮೈಲಿಗಲ್ಲು. ಖಾಲಿ ಹೆದ್ದಾರಿ ಅದಕ್ಕೇ ಅನುಕೂಲ.

ಇನ್ನೊಂದು ತೊಡಕು ಹೊರಗಿನವರಿಗೆ ಗೊತ್ತಾಗಲ್ಲ. ಸೌಂಡ್ ಬಂದ ಮೇಲೆ 35 ಎಂ.ಎಂ. ಫಿಲ್ಮಿನಲ್ಲಿ ಚಿತ್ರ ಪಟ್ಟಿಯ ನಟ್ಟನಡುವೆ ಇರಲ್ಲ. ಒಂದು ಪಕ್ಕದಲ್ಲಿ ಸೌಂಡ್ ಟ್ರ್ಯಾಕಿಗೆ ಜಾಗ ಬಿಟ್ಟಿರ್ತಾರೆ, ಹಾಗಾಗಿ ಚಿತ್ರ ಇನ್ನೊಂದು ಪಕ್ಕಕ್ಕೆ ಸರಿದಿರುತ್ತೆ. ಫಿಲ್ಮನ್ನ ಹಾಗೇ ಮಗುಚಿದ್ರೆ ಚಿತ್ರ ಟ್ರ್ಯಾಕಿನ ಜಾಗಕ್ಕೆ ನುಗ್ಗುತ್ತೆ. ಜೊತೆಗೆ ಎಮಲ್ಶನ್ (ಚಿತ್ರ ಮೂಡೋ ಲೇಪ) ಇರೋ ಮುಖ ಆ ಕಡೆ ಹೋಗೋದ್ರಿಂದ, ಫಿಲ್ಮಿಗೆ ಫಿಲ್ಮು ಒತ್ತಿ ತೆಗೆಯೋ ಕಾಂಟ್ಯಾಕ್ಟ್ ಪ್ರಿಂಟಿನಲ್ಲಿ ಚಿತ್ರ ಮಂಜಾಗುತ್ತೆ. ಅದಕ್ಕೆ ಆಪ್ಟಿಕಲ್ ಪ್ರಿಂಟರಿಗೆ (ಫಿಲ್ಮನ್ನ ಲೆನ್ಸ್ ಮೂಲಕ ಮತ್ತೆ ಚಿತ್ರ ತೆಗೆಯೋ ಯಂತ್ರ) ಹಾಕಿ, ಲೆನ್ಸ್ ಪಕ್ಕಕ್ಕೆ ಸರಿಸಿ, ಫೋಕಸ್ ಮತ್ತೆ ಹಿಡಿದು ಹೊಸ ಡ್ಯೂಪ್ ನೆಗೆಟಿವ್ (ನಕಲು ನೆಗೆಟಿವ್) ತೆಗೀಬೇಕು. ಹೀಗೆ ನಕಲಿನಿಂದ ನಕಲಿಗೆ ಇಳಿದ ಶಾಟ್ ಅಕ್ಕಪಕ್ಕದ್ದಕ್ಕಿಂತ ಸ್ವಲ್ಪ ಒರಟಾಗಿರುತ್ತೆ, ಗ್ರೇನ್ (ಚಿತ್ರದ ಕಾಳು) ಏಳುತ್ತೆ. ಸ್ಟೀರಿಂಗ್ ಕಾಣದಿದ್ರೂ ಈ ಒರಟುತನ ನೋಡಿ ಆಪ್ಟಿಕಲ್ ಕೆಲಸ ಆಗಿದೆ ಅಂತ ಅನುಮಾನ ಪಡಬಹುದು.

ತುಟಿಗೂ ಮಾತಿಗೂ ಹೊಂದಿಸೋ ತೊಂದರೆ ಆ ಹೆಬ್ಬೆರಳಿನ ಶಾಟ್‌ಗಳಿಗೆ ಇರಲಿಲ್ಲ. ಅಲ್ಲಿ ನಾಯಕನೇ ಹಿನ್ನೆಲೆಯಲ್ಲಿ ಕಥೆ ಹೇಳ್ತಾನೆ.

ಹುಬ್ಬಳ್ಳಿ ಟೂರಿಂಗ್
6 ದಿನದಾಗ ಪಿಚ್ಚರ್ ಮುಗಿಸ್ಯಾರ್ರೀ, ಅದೂ 20,000 ಡಾಲರ್‌ದಾಗ. ಅಷ್ಟರಾಗ ಸ್ಟೀರಿಂಗ್ ಯಾವ ಕಡೆ ಐತಿ ಅಂತ ಯಾರ್ ನೋಡ್ತಾರ?

ಕತ್ತರಿ ಗೋಂದು
@ಹುಬ್ಬಳ್ಳಿ ಟೂರಿಂಗ್ ಸರ್, ಆ 6 ದಿನ ಉಲ್ಮರ್ ಅವರೇ ಆಮೇಲೆ ಸಂದರ್ಶನಗಳಲ್ಲಿ ಹೇಳಿದ್ದು, ಅದೇ ಬಾಯಿಂದ ಬಾಯಿಗೆ ಹೋಯ್ತು. ಸ್ಟುಡಿಯೋ ದಾಖಲೆ ಹುಡುಕಿದ ಸಂಶೋಧಕರಿಗೆ ಸಿಕ್ಕಿರೋ ಖರ್ಚು 1 ಲಕ್ಷ ಡಾಲರಿಗೂ ಮೇಲೆ. ಶೂಟಿಂಗ್ ದಿನಗಳೂ ಜಾಸ್ತಿ. ಆದ್ರೂ ದೊಡ್ಡ ಸ್ಟುಡಿಯೋಗಳ ಲೆಕ್ಕದಲ್ಲಿ ಅದು ಪುಡಿಗಾಸು. 1992ರಲ್ಲಿ ಈ ಚಿತ್ರವನ್ನ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ನೋಂದಣಿಗೆ ಸೇರಿಸಿದ್ರು. ತಪ್ಪು ಎಷ್ಟಿದ್ರೂ ಅದರ ಯೋಗ್ಯತೆ ಕಡಿಮೆಯಾಗಿಲ್ಲ.

ಹುಬ್ಬಳ್ಳಿ ಟೂರಿಂಗ್
ಹಂಗಂದ್ರ ಅದ ಖರೆ, ತಿದ್ದಿಕೊಂಡೆ. ಆದ್ರ ನ್ಯೂಯಾರ್ಕ್ ಬೀದಿ ಸೀನ್ ನೋಡ್ರೀ. ತುಂಬ ಮಂಜು ಬಿಟ್ಟಾರ. ಹುಡುಗ, ಹುಡುಗಿ, ಒಂದ್ ದೀಪದ ಕಂಬ, ಬೀದಿ ಹೆಸರಿನ ಹಲಗಿ. ಹಿಂದ ಏನೂ ಇಲ್ಲ. ಸೆಟ್ ಕಟ್ಟಾಕ ರೊಕ್ಕ ಇಲ್ದಾಗ ಮಂಜೇ ಸೆಟ್.

ಕುಮಟಾ ಕಿಟಕಿ
ಅದನ್ನ ತಪ್ಪು ಅಂತ ಹೇಗೆ ಹೇಳೋದು ಮಾರಾಯ್ರೇ? ಇಬ್ಬರು ದೂರ ಆಗೋ ಮುಂಚಿನ ರಾತ್ರಿ, ಸುತ್ತ ಏನೂ ಕಾಣದ ಮಂಜು. ದುಡ್ಡಿದ್ದು ಬೀದಿಯೆಲ್ಲ ಕಟ್ಟಿದ್ದರೆ ಆ ದೃಶ್ಯ ಅಷ್ಟು ಮನಸ್ಸಿಗೆ ನಾಟ್ತಿರಲಿಲ್ಲ.

ಸೊಗಡು ರೀಲು
ಒಪ್ಪಿದೆ. ಆದರೆ ಸಣ್ಣಪುಟ್ಟದಕ್ಕೂ ರೀಟೇಕ್ ಯಾಕೆ ಮಾಡ್ತಿರಲಿಲ್ಲ? ಮೈಕ್ ನೆರಳು ಬಿದ್ರೆ ಇನ್ನೊಂದು ಟೇಕ್ ತಗೊಂಡ್ರೆ ಆಯ್ತಲ್ಲ, 2 ನಿಮಿಷದ ಕೆಲಸ.

ಬಾಲ್ಕನಿ ಭಾಗೀರಥಿ
2 ನಿಮಿಷದ ಕೆಲಸ ಅಲ್ಲ, ಬಿಡಿಸಿ ಹೇಳ್ತೀನಿ.

ಸೆಕೆಂಡಿಗೆ 24 ಫ್ರೇಮ್, ಒಂದು ಅಡಿಗೆ 16 ಫ್ರೇಮ್. ಅಂದರೆ ನಿಮಿಷಕ್ಕೆ 90 ಅಡಿ ಫಿಲ್ಮ್. 60 ನಿಮಿಷದ ಚಿತ್ರಕ್ಕೆ 5,400 ಅಡಿ ಬರೀ ಕೊನೆಗೆ ಉಳಿಯೋ ಚಿತ್ರಕ್ಕೇ ಬೇಕು. ಪ್ರತಿ ಶಾಟನ್ನೂ ಸರಾಸರಿ ಮೂರು ಸಲ ತೆಗೆದ್ರೆ 16,200 ಅಡಿ. ಕಚ್ಚಾ ಫಿಲ್ಮು, ತೊಳೆಯೋ ಖರ್ಚು, ರಶಸ್ ಪ್ರಿಂಟು (ಆಯಾ ದಿನ ತೆಗೆದದ್ದನ್ನ ನೋಡೋಕೆ ಹಾಕೋ ಮೊದಲ ಪ್ರಿಂಟು) ಎಲ್ಲ ಅದೇ ಲೆಕ್ಕದಲ್ಲಿ ಏರುತ್ತೆ.

ಅದಕ್ಕಿಂತ ದೊಡ್ಡ ಸಮಸ್ಯೆ, ತಪ್ಪು ಕಾಣೋದೇ ತಡವಾಗಿ. ಆಗಿನ ಮಿಚೆಲ್ ಕ್ಯಾಮೆರಾದಲ್ಲಿ ಶೂಟ್ ಮಾಡ್ತಾ ಲೆನ್ಸ್ ಮೂಲಕ ನೋಡೋಕೆ ಆಗಲ್ಲ. ಮೊದಲು ಕ್ಯಾಮೆರಾ ಬಾಡಿಯನ್ನ ಪಕ್ಕಕ್ಕೆ ಸರಿಸಿ, ಲೆನ್ಸ್ ಹಿಂದೆ ನೋಡುಗಾಜು ತಂದು ಫ್ರೇಮು ಫೋಕಸ್ಸು ನೋಡ್ಕೋಬೇಕು. ಮತ್ತೆ ಬಾಡಿಯನ್ನ ಜಾಗಕ್ಕೆ ತಂದ ಮೇಲೆ ಶೂಟ್. ಓಡೋವಾಗ ಕ್ಯಾಮೆರಾಮನ್ ನೋಡೋದು ಪಕ್ಕದಲ್ಲಿ ಕೂರಿಸಿರೋ ಬೇರೆ ವ್ಯೂಫೈಂಡರಿನಲ್ಲಿ. ಅದಕ್ಕೂ ಲೆನ್ಸಿಗೂ ಕೆಲವು ಇಂಚು ಅಂತರ. ಹತ್ತಿರದ ಶಾಟಿನಲ್ಲಿ ಎರಡೂ ಒಂದೇ ಚಿತ್ರ ತೋರಿಸಲ್ಲ. ಫೈಂಡರಿನಲ್ಲಿ ಮೈಕ್ ಹೊರಗಿದೆ, ಫಿಲ್ಮಿನಲ್ಲಿ ಒಳಗಿದೆ!

ಅದು ಗೊತ್ತಾಗೋದು ಮರುದಿನ ರಶಸ್ ಬಂದಾಗ. ಅಷ್ಟರಲ್ಲಿ ಆ ಸೆಟ್ ಕಳಚಿ ಅದೇ ಗೋಡೆಗಳಿಂದ ಇನ್ನೊಂದು ರೂಮು ಕಟ್ಟಿಯಾಗಿರುತ್ತೆ. ದಿನಗೂಲಿ ನಟರು ಬೇರೆ ಸ್ಟುಡಿಯೋದಲ್ಲಿರ್ತಾರೆ.

ಆಪ್ಟಿಕಲ್ ಅಜ್ಜ
ಭಾಗೀರಥಿ ಮೇಡಂ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಮೈಕ್ ನೆರಳಿಗೆ ಮೂಲ ಕಾರಣ ಸಣ್ಣ ಸೆಟ್. ಬೂಮ್ (ಮೈಕ್ ತೂಗುಹಾಕೋ ಉದ್ದ ಕೋಲು) ಹಿಡಿಯೋರಿಗೆ ಹಳೇ ನಿಯಮ ಇದೆ: ಮುಖ್ಯ ಲೈಟ್ ಯಾವ ಕಡೆ ಇದೆಯೋ ಅದರ ಎದುರು ಕಡೆಯಿಂದ ಬೂಮ್ ತರಬೇಕು. ಆಗ ಅದರ ನೆರಳು ಫ್ರೇಮಿನ ಆಚೆ ಬೀಳುತ್ತೆ. ನಟ ಗೋಡೆಯಿಂದ ಏಳೆಂಟು ಅಡಿ ಮುಂದೆ ನಿಂತಿದ್ರೆ ನೆರಳು ನೆಲಕ್ಕೆ ಹೋಗುತ್ತೆ. 12 ಅಡಿ ಅಗಲದ ಸೆಟ್ಟಿನಲ್ಲಿ ನಾಲ್ಕು ಜನ, ಒಂದು ಮೇಜು. ಎಲ್ಲರೂ ಗೋಡೆಗೆ ಒರಗಿಕೊಂಡೇ ಇರ್ತಾರೆ, ನೆರಳು ಗೋಡೆ ಬಿಟ್ಟು ಎಲ್ಲಿಗೆ ಹೋಗಬೇಕು?

ಗೋಡೆ ಅಲ್ಲಾಡೋದೂ ಹಾಗೇ. ಫ್ಲಾಟ್ ಅಂದರೆ ಮರದ ಚೌಕಟ್ಟಿಗೆ ಬಟ್ಟೆಯೋ ತೆಳು ಹಲಗೆಯೋ ಬಡಿದದ್ದು. ಹಿಂದಿನಿಂದ ಊರುಗೋಲು ಕೊಟ್ಟು, ಬುಡಕ್ಕೆ ಮರಳಿನ ಮೂಟೆ ಇಡಬೇಕು. ಬಾಗಿಲ ಚೌಕಟ್ಟನ್ನ ಗೋಡೆಗೆ ತಾಗದ ಹಾಗೆ ಬೇರೆಯಾಗಿ ನಿಲ್ಲಿಸಬೇಕು. ಆತುರದಲ್ಲಿ ಬಾಗಿಲನ್ನ ಫ್ಲಾಟಿಗೇ ಕಚ್ಚಿಸಿದ್ರೆ, ಪತ್ತೇದಾರ ಬಾಗಿಲು ದಡಾರ್ ಅಂತ ಹಾಕಿದಾಗ ಮನೆ ಪೂರ್ತಿ ನಡುಗುತ್ತೆ.

ಮಾಗಡಿ ಮ್ಯಾಟಿನಿ
‘ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್’ ಬಗ್ಗೆ ಇನ್ನೂ ಯಾರೂ ಮಾತೇ ಎತ್ತಿಲ್ಲ! ವಿಮಾನದ ಕಾಕ್‌ಪಿಟ್ಟಿನಲ್ಲಿ ಮೈಕ್ ನೆರಳು, ಬಾಗಿಲಿಗೆ ಪರದೆ. ಹಾರೋ ತಟ್ಟೆಗಳು ಕಾರಿನ ಚಕ್ರದ ಮುಚ್ಚಳಗಳು.

ಕತ್ತರಿ ಗೋಂದು
ಚಕ್ರದ ಮುಚ್ಚಳ ಅಲ್ಲ, ಅದೊಂದು ದಂತಕಥೆ. ಅಂಗಡಿಯಲ್ಲಿ ಸಿಗ್ತಿದ್ದ ಪ್ಲಾಸ್ಟಿಕ್ ಮಾಡೆಲ್ ಕಿಟ್. ದಾರ ಕಾಣೋದು ಮಾತ್ರ ನಿಜ.

ಮೈಕ್ ವಿಷಯದಲ್ಲಿ ಆ ಚಿತ್ರದ ನಿರ್ದೇಶಕ ಎಡ್ ವುಡ್ ಪರವಾಗಿ ಒಂದು ಮಾತು ಹೇಳಲೇಬೇಕು. 1953ರ ನಂತರ ಥಿಯೇಟರುಗಳು ಅಗಲ ತೆರೆಗೆ ಬದಲಾದವು. 1.37ರ (ಎತ್ತರದ 1.37 ಪಟ್ಟು ಅಗಲದ) ಪೂರ್ತಿ ಫ್ರೇಮನ್ನ ಶೂಟ್ ಮಾಡಿ, ಪ್ರೊಜೆಕ್ಟರಿನಲ್ಲಿ ಮೇಲೆ ಕೆಳಗೆ ಮುಚ್ಚಿ 1.85ರಲ್ಲಿ ತೋರಿಸೋರು. ಎತ್ತರದಲ್ಲಿ ಸುಮಾರು ಕಾಲು ಭಾಗ ಹೋಗುತ್ತೆ. ಆ ಕತ್ತರಿಸೋ ಜಾಗದಲ್ಲಿ ಮೈಕ್ ಇದ್ರೂ ಥಿಯೇಟರಿನಲ್ಲಿ ಕಾಣಲ್ಲ. ಆಮೇಲೆ ಟಿವಿಗೂ ವಿಡಿಯೋಗೂ ಪೂರ್ತಿ ಫ್ರೇಮನ್ನೇ ತೆರೆದು ಹಾಕಿದ್ರು. ನಾವೆಲ್ಲ ಅಂತರ್ಜಾಲದಲ್ಲಿ ನೋಡೋದು ಹೆಚ್ಚಾಗಿ ಅಂಥ ಪ್ರತಿಗಳನ್ನೇ. ಚಿತ್ರದ ತುದಿ ನೋಡಿ ಬೈಯೋ ಮುಂಚೆ ಯಾವ ಪ್ರತಿ ಅಂತ ನೋಡಿ.

ಹುಬ್ಬಳ್ಳಿ ಟೂರಿಂಗ್
ಇದ ನೆಪ 1945ರ ಪಿಚ್ಚರಿಗೆ ನಡಿಯಂಗಿಲ್ರೀ. ಆವಾಗ ಅಗಲ ತೆರೆ ಎಲ್ಲಿತ್ತು?

ಕತ್ತರಿ ಗೋಂದು
ಸರಿ, ನಡೆಯಲ್ಲ. ಅಲ್ಲಿ ಮೈಕ್ ಕಂಡ್ರೆ ಅದು ತಪ್ಪೇ.

ಕುಮಟಾ ಕಿಟಕಿ
‘ಪ್ಲಾನ್ 9’ರಲ್ಲಿ ನನಗೆ ಮರುಕ ಹುಟ್ಟಿಸೋದು ನಟ ಬೆಲಾ ಲುಗೋಸಿ. 1956ರ ಆಗಸ್ಟಿನಲ್ಲಿ ಅವರು ತೀರಿಕೊಂಡ್ರು. ಅದಕ್ಕೆ ಮುಂಚೆ ಬೇರೆ ಉದ್ದೇಶಕ್ಕೆ ತೆಗೆದಿದ್ದ ಮೂಕ ಶಾಟ್‌ಗಳು ಕೆಲವೇ ಕೆಲವು ಇದ್ದವು. ಉಳಿದ ದೃಶ್ಯಗಳಿಗೆ ವುಡ್ ಅವರ ಹೆಂಡತಿಗೆ ಗೊತ್ತಿದ್ದ ಟಾಮ್ ಮೇಸನ್ ಅನ್ನೋ ಕೈರೋಪ್ರಾಕ್ಟರನ್ನ (ಬೆನ್ನುಮೂಳೆ ಒತ್ತಿ ಚಿಕಿತ್ಸೆ ಕೊಡೋರು) ನಿಲ್ಲಿಸಿದ್ರು. ಅವರು ಲುಗೋಸಿಗಿಂತ ಎತ್ತರ, ತಲೆಗೂದಲೂ ಬೇರೆ ಥರ. ಮುಖಕ್ಕೆ ನಿಲುವಂಗಿ ಅಡ್ಡ ಹಿಡಿದು ನಡೆದಾಡ್ತಾರೆ. ಇದು ಲುಗೋಸಿ ಅಲ್ಲ ಅಂತ ಕಣ್ಣಿಗೆ ಮೊದಲು ಹೇಳೋದು ಹಣೆ, ಆಮೇಲೆ ಎತ್ತರ.

ಸೊಗಡು ರೀಲು
ಅದರಲ್ಲೇ ಹಗಲು ರಾತ್ರಿ ಕಲಸುಮೇಲೋಗರ ಆಗೋದು ಹೇಗೆ? ಒಬ್ಬರು ಬಿಸಿಲಲ್ಲಿ ಓಡ್ತಾರೆ, ಅವರನ್ನ ಅಟ್ಟಿಸಿಕೊಂಡು ಬರೋರು ಕತ್ತಲಲ್ಲಿದ್ದಾರೆ.

ಬಾಲ್ಕನಿ ಭಾಗೀರಥಿ
ಹಗಲಲ್ಲಿ ರಾತ್ರಿ ತೆಗೆಯೋ ಕೆಲಸ ಅರ್ಧಕ್ಕೆ ನಿಂತ್ರೆ ಹೀಗಾಗುತ್ತೆ. ಕಪ್ಪು ಬಿಳುಪಿನಲ್ಲಿ ಕ್ರಮ ಹೀಗೆ: ಸೂರ್ಯ ನಟರ ಬೆನ್ನ ಹಿಂದೆ ಅಥವಾ ಪಕ್ಕದ ಹಿಂದೆ ಇರಬೇಕು. ಆಕಾಶವನ್ನ ಫ್ರೇಮಿನಿಂದ ಆದಷ್ಟು ಹೊರಗಿಡಬೇಕು. ಲೆನ್ಸಿಗೆ ಕೆಂಪು ಫಿಲ್ಟರ್ ಹಾಕಿದ್ರೆ ನೀಲಿ ಆಕಾಶ ಕಪ್ಪಾಗುತ್ತೆ. ಆದರೆ ಬರೀ ಕೆಂಪಾದ್ರೆ ಮುಖ ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತೆ, ತುಟಿ ಮಾಯ. ಅದಕ್ಕೆ 23ಎ ನಂಬರಿನ ಕೆಂಪು ಫಿಲ್ಟರ್ ಜೊತೆ 56 ನಂಬರಿನ ಹಸಿರು ಸೇರಿಸ್ತಿದ್ರು, ಹಸಿರು ಮುಖವನ್ನ ಹದಕ್ಕೆ ತರುತ್ತೆ. ಇಷ್ಟಾದ ಮೇಲೆ ಎಕ್ಸ್‌ಪೋಶರ್ (ಫಿಲ್ಮಿಗೆ ಬೀಳೋ ಬೆಳಕು) ಒಂದೂವರೆ, ಎರಡು ಸ್ಟಾಪ್ ಇಳಿಸಬೇಕು, ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ. ಕಿಟಕಿ ದೀಪ, ಕಾರಿನ ಹೆಡ್‌ಲೈಟ್ ಉರೀತಿರಬೇಕು, ಅದೂ ಬಿಸಿಲನ್ನ ಮೀರಿಸೋ ಹಾಗೆ.

ಎಲ್ಲಿ ಕೆಡುತ್ತೆ? ಮೋಡ ಮುಚ್ಚಿದ ದಿನ. ಬಿಳಿ ಮೋಡಕ್ಕೆ ಕೆಂಪು ಫಿಲ್ಟರ್ ಏನೂ ಮಾಡಲ್ಲ, ಆಕಾಶ ಬೆಳ್ಳಗೇ ಉಳಿಯುತ್ತೆ. ಎರಡನೇದು ಲ್ಯಾಬ್. ಪ್ರಿಂಟ್ ಕತ್ತಲಾಗಿ ಹಾಕಿ ಅಂತ ಚೀಟಿ ಹೋಗದಿದ್ರೆ, ಅಥವಾ ಟಿವಿಗಂತ ತಿಳಿಯಾಗಿ ಪ್ರಿಂಟ್ ತೆಗೆದ್ರೆ, ಹುಷಾರಾಗಿ ಮಾಡಿದ ರಾತ್ರಿಯೂ ಮಟಮಟ ಮಧ್ಯಾಹ್ನ ಆಗುತ್ತೆ. ಇದರ ಜೊತೆ ಸ್ಟುಡಿಯೋ ಒಳಗಿನ ಸ್ಮಶಾನದ ಸೆಟ್ಟಿನ ಶಾಟ್ ಸೇರಿಸಿದ್ರೆ ಎರಡೂ ಒಂದಕ್ಕೊಂದು ಕೂಡಲ್ಲ.

ರಾಯಚೂರು ರಿವೈಂಡ್
ಬರೀ ತಪ್ಪೇ ಎಣಿಸ್ತಿದ್ದೀರಿ. ರಿಪಬ್ಲಿಕ್ ಸ್ಟುಡಿಯೋದಲ್ಲಿ ಟ್ರಿಕ್ ಶಾಟ್ ತೆಗೀತಿದ್ದ ಲೈಡೆಕರ್ ಸಹೋದರರನ್ನ ನೋಡಿ. 1941ರ ‘ಅಡ್ವೆಂಚರ್ಸ್ ಆಫ್ ಕ್ಯಾಪ್ಟನ್ ಮಾರ್ವೆಲ್’, ಥಿಯೇಟರಿನಲ್ಲಿ ವಾರಕ್ಕೊಂದು ಕಂತು ತೋರಿಸ್ತಿದ್ದ 12 ಕಂತಿನ ಸೀರಿಯಲ್. ಹಾರೋ ಮನುಷ್ಯ ಅಂದರೆ ಮನುಷ್ಯನಿಗಿಂತ ದೊಡ್ಡದಾದ ಪೇಪರ್ ಮ್ಯಾಶೆ ಬೊಂಬೆ. ಎತ್ತರದಿಂದ ಇಳಿಜಾರಾಗಿ ಬಿಗಿದ ತೆಳು ತಂತಿಗಳ ಮೇಲೆ ರಾಟೆಯಲ್ಲಿ ಜಾರಿ ಬರುತ್ತೆ. ಮೇಲಕ್ಕೆ ಹಾರೋ ಶಾಟ್ ಬೇಕಾದ್ರೆ? ಬೆನ್ನ ಮೇಲಿನ ನಿಲುವಂಗಿ ಹಾರಾಡದ ಹಾಗೆ ಭಾರ ಕಟ್ಟಿ, ಬೊಂಬೆಯನ್ನ ಹಿಂದು ಹಿಂದಾಗಿ ಕೆಳಗೆ ಜಾರಿಸಿ, ಫಿಲ್ಮನ್ನ ಉಲ್ಟಾ ಓಡಿಸೋರು. ನೆಲಕ್ಕಿಳಿದು ಗುದ್ದಾಡೋ ಶಾಟಿಗೆ ಡೇವಿಡ್ ಶಾರ್ಪ್ ಅನ್ನೋ ಸ್ಟಂಟ್‌ಮನ್. ಬೊಂಬೆ ತೆರೆ ಬಿಟ್ಟು ಹೋದ ಮರುಕ್ಷಣ ಶಾರ್ಪ್ ಹಾರಿ ಬಂದು ಬೀಳ್ತಾರೆ, ಜೋಡಣೆ ಕಾಣೋದೇ ಇಲ್ಲ.

ಮಾಗಡಿ ಮ್ಯಾಟಿನಿ
ಅದೇ ಕಾಲದ ‘ದ ಡೆವಿಲ್ ಬ್ಯಾಟ್’ನ ಬಾವಲಿ ಯಾಕೆ ಆಟದ ಸಾಮಾನಿನ ಥರ ಕಾಣುತ್ತೆ? ಅದೂ ತಂತಿಯ ಮೇಲೇ ಬರೋದಲ್ವಾ.

ಆಪ್ಟಿಕಲ್ ಅಜ್ಜ
ವೇಗ ಮತ್ತು ಬೆಳಕು, ಈ ಎರಡರಲ್ಲೇ ವ್ಯತ್ಯಾಸ. ಮಾಡೆಲ್ ಚಿಕ್ಕದಾದಷ್ಟೂ ಕ್ಯಾಮೆರಾ ಜೋರಾಗಿ ಓಡಿಸಬೇಕು, ತೆರೆ ಮೇಲೆ ನಿಧಾನವಾಗಿ, ತೂಕವಾಗಿ ಕಾಣಲಿ ಅಂತ. ಲೆಕ್ಕ ಇದು: ಅಳತೆಯ ವರ್ಗಮೂಲವನ್ನ 24ಕ್ಕೆ ಗುಣಿಸಿ. 4ರಲ್ಲಿ 1 ಅಳತೆಯ ಮಾಡೆಲ್ ಆದ್ರೆ 48 ಫ್ರೇಮ್, 16ರಲ್ಲಿ 1 ಆದ್ರೆ 96. ಈ ವೇಗಕ್ಕೆ ಬೆಳಕು ಎರಡರಷ್ಟು, ನಾಲ್ಕರಷ್ಟು ಬೇಕು. ಲೈಡೆಕರ್‌ಗಳು ಮಾಡೆಲ್‌ಗಳನ್ನ ದೊಡ್ಡದಾಗಿ ಕಟ್ಟಿ ಬಯಲಲ್ಲಿ ಬಿಸಿಲಿಗೆ ತೆಗೆದದ್ದು ಅದಕ್ಕೇ. ಬೆಳಕು ಪುಕ್ಕಟೆ, ಹಿಂದಿನ ಬೆಟ್ಟವೂ ನಿಜವಾದ ಬೆಟ್ಟ.

ನೀರು, ಬೆಂಕಿ ಮಾತ್ರ ಯಾವ ಲೆಕ್ಕಕ್ಕೂ ಬಗ್ಗಲ್ಲ. ಹನಿಯನ್ನ ಚಿಕ್ಕದು ಮಾಡೋಕೆ ಆಗುತ್ತಾ? ಹಡಗಿನ ಮಾಡೆಲ್ ಎಷ್ಟೇ ಚೆನ್ನಾಗಿರಲಿ, ಪಕ್ಕದಲ್ಲಿ ಸಿಡಿಯೋ ಹನಿ ಹಡಗಿನ ಕಿಟಕಿಯಷ್ಟು ದಪ್ಪ ಇರುತ್ತೆ.

ರಾಯಚೂರು ರಿವೈಂಡ್
ಸೀರಿಯಲ್‌ಗಳಲ್ಲಿ ಇನ್ನೊಂದು ಗಮನಿಸಿ, ಗಂಡಸರೆಲ್ಲ ಒಂದೇ ಥರ ಸೂಟು, ಒಂದೇ ಥರ ಟೋಪಿ. ಹಳೇ ಸೀರಿಯಲ್ಲಿನ ಕಾರು ಉರುಳೋ ಶಾಟ್, ಹೊಡೆದಾಟದ ಶಾಟ್ ತಂದು ಹೊಸದಕ್ಕೆ ಅಂಟಿಸಬೇಕಲ್ಲ. 1949ರ ‘ಕಿಂಗ್ ಆಫ್ ದ ರಾಕೆಟ್ ಮೆನ್’ನ ಹಾರಾಟದ ಶಾಟ್‌ಗಳೇ 1952ರ ‘ರೇಡಾರ್ ಮೆನ್ ಫ್ರಮ್ ದ ಮೂನ್’ನಲ್ಲೂ ಇವೆ. ಮುಖ ಮುಚ್ಚೋ ಹೆಲ್ಮೆಟ್ ಇದ್ದಿದ್ರಿಂದ ನಾಯಕ ಯಾರಾದ್ರೂ ನಡೀತಿತ್ತು. ಜೋಡಣೆ ಸಿಕ್ಕಿಬೀಳೋದು ನೆರಳಿನಲ್ಲಿ. ಹೊಸ ಶಾಟಿನಲ್ಲಿ ನೆರಳು ಉದ್ದ, ಹಳೇದರಲ್ಲಿ ಕಾಲ ಬುಡಕ್ಕೆ.

ಹುಬ್ಬಳ್ಳಿ ಟೂರಿಂಗ್
ಮತ್ತ ಹೋದ ವಾರ ಕಾರಿನ ಸಮೇತ ಪ್ರಪಾತಕ್ಕ ಬಿದ್ದ ಹೀರೋ ಈ ವಾರ ಮೊದಲ ಹಾರಿಕೊಂಡಿರ್ತಾನ. ಇದಕ್ಕೇನಂತೀರಿ? ಇದು ತಪ್ಪಲ್ಲ, ಮೋಸ! ರೊಕ್ಕ ಕೊಟ್ಟು ಬಂದ ಹುಡುಗೂರಿಗೆ ಮೋಸ.

ರಾಯಚೂರು ರಿವೈಂಡ್
ಮೋಸ ಅನ್ನೋದು ಒಪ್ತೀನಿ. ನಡುವೆ ಏಳು ದಿನ ಇದೆ, ಹಿಂದಕ್ಕೆ ತಿರುಗಿಸಿ ನೋಡೋ ಹಾಗಿಲ್ಲ ಅನ್ನೋ ಧೈರ್ಯದ ಮೇಲೆ ಕಟ್ಟಿದ್ದು. ಈಗ ಕಂತುಗಳನ್ನ ಒಂದರ ಹಿಂದೆ ಒಂದು ನೋಡಿದ್ರೆ ಆ ಸೇರಿಸಿದ ಶಾಟ್ ಎದ್ದು ಕಾಣುತ್ತೆ.

ಕುಮಟಾ ಕಿಟಕಿ
ವಿಷಯಕ್ಕೆ ಸ್ವಲ್ಪ ಆಚೆ: ಇಂಥ ತಪ್ಪುಗಳಿಗೆ ಬ್ಲೂಪರ್ ಅಂತಾರೆ, ನಾವು ಇಲ್ಲಿ ಹೇಳ್ತಿರೋದು ಚಿತ್ರದಲ್ಲೇ ಉಳಿದುಬಿಟ್ಟ ತಪ್ಪು. ನಟರು ಮಾತು ತಡವರಿಸಿ ಬೈದುಕೊಳ್ಳೋ ತುಣುಕುಗಳು ಬೇರೆ. ಅಂಥವನ್ನ ವಾರ್ನರ್ ಬ್ರದರ್ಸ್ 1930ರ ದಶಕದ ನಡುವಿನಿಂದ ‘ಬ್ರೇಕ್‌ಡೌನ್ಸ್’ ಅನ್ನೋ ಹೆಸರಲ್ಲಿ ವರ್ಷಕ್ಕೊಂದು ರೀಲು ಮಾಡಿ ಸ್ಟುಡಿಯೋ ನೌಕರರ ಔತಣಕೂಟದಲ್ಲಿ ತೋರಿಸ್ತಿತ್ತು. ಒಂದರಲ್ಲಿ ಕಾರ್ಟೂನಿನ ಪೋರ್ಕಿ ಪಿಗ್ ಕೂಡ ಬೈಗುಳ ಬಾಯಿಗೆ ತಂದುಕೊಳ್ತಾನೆ. ಕಾರ್ಟೂನು ತಡವರಿಸೋಕೆ ಸಾಧ್ಯ ಇಲ್ಲ, ಅಂದರೆ ಕೂತು ಬಿಡಿಸಿದ್ದು.

ಮಾಗಡಿ ಮ್ಯಾಟಿನಿ
ವಿಲಿಯಂ ಬೋಡೀನ್ ಅವರಿಗೆ ‘ಒನ್ ಶಾಟ್’ ಅಂತ ಅಡ್ಡಹೆಸರೇ ಇತ್ತಲ್ಲ, ಎರಡನೇ ಟೇಕ್ ತಗೊಳ್ಳದ ನಿರ್ದೇಶಕ ಅಂತ. ಕೆಲಸ ಗೊತ್ತಿಲ್ಲದವರು ಕೈ ತೊಳೆದುಕೊಂಡ ಹಾಗೆ ಅಲ್ವಾ ಅದು?

ಬಾಲ್ಕನಿ ಭಾಗೀರಥಿ
ಆ ಮಾತು ಅನ್ಯಾಯ. 1926ರಲ್ಲಿ ಮೇರಿ ಪಿಕ್‌ಫೋರ್ಡ್ ಅವರ ‘ಸ್ಪ್ಯಾರೋಸ್’ ನಿರ್ದೇಶಿಸಿದ್ದು ಇದೇ ಬೋಡೀನ್, ಆಗಿನ ಮುಂಚೂಣಿ ನಿರ್ದೇಶಕರಲ್ಲಿ ಒಬ್ಬರು. ಆಮೇಲೆ ಮೊನೊಗ್ರಾಮ್‌ನಂಥ ಬಡ ಕಂಪನಿಗಳಲ್ಲಿ ಕೆಲಸ ಮಾಡಿದಾಗ ಹಾಸಿಗೆ ಇದ್ದಷ್ಟೇ ಕಾಲು ಚಾಚಿದ್ರು.

ಆ ಕಂಪನಿಗಳ ವ್ಯಾಪಾರ ಹೇಗಿತ್ತು ನೋಡಿ. ಒಂದೇ ಟಿಕೆಟಿಗೆ ಎರಡು ಚಿತ್ರ. ದೊಡ್ಡ ಚಿತ್ರಕ್ಕೆ ಗಲ್ಲಾಪೆಟ್ಟಿಗೆಯಲ್ಲಿ ಶೇಕಡಾವಾರು ಪಾಲು. ಜೊತೆಯ ಬಿ ಚಿತ್ರಕ್ಕೆ ಇಂತಿಷ್ಟು ಅಂತ ಗೊತ್ತು ಮಾಡಿದ ಬಾಡಿಗೆ. ಥಿಯೇಟರ್ ತುಂಬಿದ್ರೂ ಅಷ್ಟೇ, ಖಾಲಿ ಹೊಡೆದ್ರೂ ಅಷ್ಟೇ. ಬರೋ ಹಣ ಮುಂಚೆಯೇ ಗೊತ್ತಿರುವಾಗ ಲಾಭ ಅನ್ನೋದು ಖರ್ಚು ಉಳಿಸೋದರಲ್ಲಿ ಮಾತ್ರ. ಎರಡನೇ ಟೇಕಿನ ದುಡ್ಡು ನಿರ್ಮಾಪಕನ ಜೇಬಿನಿಂದ ಹೋದ ಹಾಗೆ. ನಿರ್ದೇಶಕರಿಗೆ ಅಡ್ಡಹೆಸರು ಇಟ್ಟು ಏನು ಪ್ರಯೋಜನ?

ಸೊಗಡು ರೀಲು
ಅದೇ ಬಾಡಿಗೆ ಪದ್ಧತಿಯಲ್ಲಿ ನಿರ್ಮಾಪಕ ವಾಲ್ ಲ್ಯೂಟನ್ ಆರ್‌ಕೆಓ ಅನ್ನೋ ದೊಡ್ಡ ಸ್ಟುಡಿಯೋದಲ್ಲಿ ‘ಕ್ಯಾಟ್ ಪೀಪಲ್’ ಮಾಡಲಿಲ್ವಾ? 1942ರದ್ದು, ಬಜೆಟ್ 1.5 ಲಕ್ಷ ಡಾಲರಿನ ಒಳಗೆ. ಇಂಥ ತಪ್ಪು ಅದರಲ್ಲಿ ಎಲ್ಲಿದೆ?

ಬಾಲ್ಕನಿ ಭಾಗೀರಥಿ
ಅವರ ಬೆನ್ನ ಹಿಂದೆ ಆರ್‌ಕೆಓ ಉಗ್ರಾಣ ಇತ್ತು. ‘ದ ಮ್ಯಾಗ್ನಿಫಿಸೆಂಟ್ ಆಂಬರ್ಸನ್ಸ್’ಗೆ ಕಟ್ಟಿದ್ದ ದೊಡ್ಡ ಮೆಟ್ಟಿಲಿನ ಸೆಟ್ ಹಾಗೇ ಸಿಕ್ತು. ಕ್ಯಾಮೆರಾಮನ್ ನಿಕೊಲಸ್ ಮುಸುರಾಕ. ಈಜುಕೊಳದ ದೃಶ್ಯದಲ್ಲಿ ಬರೀ ನೀರಿನ ಬೆಳಕು, ಗೋಡೆಯ ಮೇಲಿನ ನೆರಳು, ಒಂದು ಗುರುಗುಟ್ಟೋ ಸದ್ದು. ಪಿಆರ್‌ಸಿಗೆ ಇಂಥ ಉಗ್ರಾಣ ಎಲ್ಲಿತ್ತು? ಆದರೂ ನಿಮ್ಮ ಮಾತಲ್ಲಿ ಹುರುಳಿದೆ. ರಾಕ್ಷಸನನ್ನ ತೋರಿಸದೇ ಇರೋದು ಎಲ್ಲರಿಗೂ ಪುಕ್ಕಟೆಯಾಗಿ ಸಿಗ್ತಿತ್ತು, ಆದರೆ ‘ರೋಬೋಟ್ ಮಾನ್ಸ್ಟರ್’ನವರು ಗೊರಿಲ್ಲಾ ಉಡುಪಿನ ಮೇಲೆ ಮುಳುಗುಗಾರರ ಹೆಲ್ಮೆಟ್ ಇಟ್ಟು ಬಟ್ಟಬಯಲಲ್ಲಿ ನಡೆಸಿದ್ರು.

ಹುಬ್ಬಳ್ಳಿ ಟೂರಿಂಗ್
ದೊಡ್ಡ ಸ್ಟುಡಿಯೋದವರೂ ಭಾಳ ಶಾಣ್ಯಾ ಅಲ್ರೀ. 1931ರ ‘ಡ್ರಾಕುಲಾ’ದಾಗ ಕ್ಲೋಸಪ್ಪಿಗೆ ಬೆಳಕ ತಡೀಲಿಕ್ಕೆ ದೀಪಕ್ಕ ಕಟ್ಟಿದ್ದ ರಟ್ಟು ದೂರದ ಶಾಟಿನ್ಯಾಗೂ ಹಂಗ ಉಳದೈತಿ. ಯೂನಿವರ್ಸಲ್ ಪಿಚ್ಚರ್ ಅದು.

ಮಾಗಡಿ ಮ್ಯಾಟಿನಿ
ಮತ್ತೆ ಡಿಟೂರ್‌ಗೆ ಬರೋಣ. ಸ್ಟೀರಿಂಗ್ ಕಾಣದ ಶಾಟ್ ಆದ್ರೆ, ಮಗುಚಿದ್ದು ಅಂತ ಖಚಿತವಾಗಿ ಹೇಳೋದು ಹೇಗೆ? ಗ್ರೇನ್ ನೋಡಿ ಹೇಳೋಷ್ಟು ಒಳ್ಳೇ ಪ್ರತಿ ಎಲ್ಲರ ಹತ್ರ ಇರಲ್ಲ.

ಕತ್ತರಿ ಗೋಂದು
ಬಟ್ಟೆ ನೋಡಿ. ಗಂಡಸರ ಕೋಟಿನ ಎದೆ ಜೇಬು ಅವರ ಎಡಗಡೆ ಇರುತ್ತೆ, ಗುಂಡಿ ಬಲ ಅಂಚಿಗೆ, ಎಡ ಅಂಚು ಮೇಲೆ ಬರುತ್ತೆ. ಬೈತಲೆ ಯಾವ ಕಡೆ ಅಂತ ಹಿಂದಿನ ದೃಶ್ಯದಲ್ಲಿ ನೋಡಿಟ್ಟುಕೊಳ್ಳಿ. ಎಡ ಮಣಿಕಟ್ಟಿನ ಗಡಿಯಾರ ಬಲಕ್ಕೆ ಬಂದಿದ್ರೂ ಆಯ್ತು. ಇವುಗಳಲ್ಲಿ ಎರಡು ಒಟ್ಟಿಗೆ ತಿರುಗಿದ್ರೆ ಶಾಟ್ ಮಗುಚಿದ್ದು. ಬರೀ ಒಂದು ತಿರುಗಿದ್ರೆ ಅವಸರ ಪಡಬೇಡಿ, ನಟ ಅವತ್ತು ಬೇರೆ ಥರ ತಲೆ ಬಾಚಿರಬಹುದು, ಅದು ಕಂಟಿನ್ಯೂಟಿ ತಪ್ಪು, ಅಂದರೆ ಒಂದು ಶಾಟಿಗೂ ಇನ್ನೊಂದಕ್ಕೂ ತಾಳೆ ಆಗದ್ದು.

ಸೊಗಡು ರೀಲು
ಎದೆ ಜೇಬು! ಇಷ್ಟು ದಿನ ಕಾರನ್ನೇ ನೋಡ್ತಿದ್ದೆ. ಆ ಹೆಬ್ಬೆರಳಿನ ಶಾಟ್‌ಗಳನ್ನ ಒಂದೊಂದೇ ಫ್ರೇಮ್ ನಿಲ್ಲಿಸಿ ನೋಡಿ ಇಲ್ಲೇ ಬರೀತೀನಿ.